ರತಿಯ ಕಣ್ಣಿಗೆ ಮಾತ್ರ

ಬನವಾಸಿಗೆ ಹೋದವರೆಲ್ಲ ಮಧುಕೇಶ್ವರನಿಗೆ ಕೈಮುಗಿದು, ವರದೆಯ ನೀರಿಗೆ ಕಾಲು ಇಳಿಬಿಟ್ಟು, ಸಂಜೆಯ ಬಸ್ಸು ಹಿಡಿಯುತ್ತಾರೆ. ಅಲ್ಲಿಂದ ಐದಾರು ಕಿಲೋಮೀಟರ್ ದೂರದ ಗುಡ್ನಾಪುರದವರೆಗೆ ಹೋಗುವವರು ಕಡಿಮೆ. ಹೋದವರಿಗೂ ಮೊದಲು ಕಾಣುವುದು ಕೆರೆ. ಕಣ್ಣು ಹಾಯಿಸಿದಷ್ಟು ನೀರು, ದಡದಲ್ಲಿ ಬಂಗಾರೇಶ್ವರನ ಗುಡಿ. ನೋಡಲು ಇನ್ನೇನೂ ಇಲ್ಲವೆಂದು ತಿರುಗಿ ಬರುವವರೇ ಹೆಚ್ಚು.

ಆದರೆ ಈ ಪುಟ್ಟ ಊರಿನ ಹೆಸರು ಇತಿಹಾಸದ ಪುಸ್ತಕಗಳಲ್ಲಿ ನಿಂತಿರುವುದು ಒಂದು ಕಲ್ಲುಕಂಬದಿಂದಾಗಿ. ಐದನೆಯ ಶತಮಾನದ ಕೊನೆಯಲ್ಲಿ, ಆರನೆಯ ಶತಮಾನದ ಆದಿಯಲ್ಲಿ ಆಳಿದ ಕದಂಬರ ರವಿವರ್ಮ ಆ ಕಂಬದ ಮೇಲೆ ಸಂಸ್ಕೃತದಲ್ಲಿ ಶಾಸನ ಬರೆಸಿದ. ಡಾ. ಬಿ. ಆರ್. ಗೋಪಾಲ್ ಅದನ್ನು ಓದಿ ಪ್ರಕಟಿಸಿದ ಮೇಲೆ ಪಂಡಿತರ ಗಮನವೆಲ್ಲ ಅದರಲ್ಲಿರುವ ವಂಶಾವಳಿಯ ಕಡೆಗೆ ಹೋಯಿತು. ಮಯೂರಶರ್ಮನ ತಂದೆ ಬಂಧುಷೇಣ, ಅಜ್ಜ ವೀರಶರ್ಮ ಎಂಬುದು ಗೊತ್ತಾದದ್ದು ಹೀಗೆ. ರಾಜರ ಅಪ್ಪ ಅಜ್ಜಂದಿರ ಲೆಕ್ಕ ಇತಿಹಾಸಕ್ಕೆ ಬೇಕು, ಇರಲಿ. ನನ್ನ ಮನಸ್ಸು ನಿಂತದ್ದು ಅದೇ ಶಾಸನದ ಇನ್ನೊಂದು ಸಂಗತಿಯ ಮೇಲೆ. ರವಿವರ್ಮ ಇಲ್ಲಿ ಮನ್ಮಥನಿಗೆ ಒಂದು ಆಲಯ ಕಟ್ಟಿಸಿದ. ಶಾಸನ ಅದನ್ನು ‘ಕಾಮಜಿನಾಲಯ’ ಎನ್ನುತ್ತದೆ. ಅಲ್ಲಿ ವಸಂತಕಾಲದಲ್ಲಿ ಉತ್ಸವ ನಡೆಯುತ್ತಿತ್ತು. ಅರಮನೆಯ, ನೃತ್ಯಶಾಲೆಯ ಮಾತೂ ಬರುತ್ತದೆ.

ಶಿವನಿಗೆ, ವಿಷ್ಣುವಿಗೆ, ದೇವಿಗೆ ಹಾದಿಗೊಂದು ಗುಡಿಯಿರುವ ನಾಡು ನಮ್ಮದು. ಕಾಮನಿಗೆ ಗುಡಿ ಎಲ್ಲಿದೆ? ಸುಟ್ಟುಹೋದವನಿಗೆ, ಮೈಯೇ ಇಲ್ಲದವನಿಗೆ, ‘ಅನಂಗ’ನೆಂದೇ ಹೆಸರಾದವನಿಗೆ ಗರ್ಭಗುಡಿಯಲ್ಲಿ ಯಾವ ಮೂರ್ತಿ ಇಟ್ಟಿದ್ದರು? ಆ ಮೂರ್ತಿ ಇಂದು ನಮ್ಮ ಮುಂದಿಲ್ಲ. ಪ್ರಶ್ನೆ ಮಾತ್ರ ಇದೆ. ಸತ್ತು ಎದ್ದು ಬಂದವರನ್ನು ಕಲೆ ಹೇಗೆ ತೋರಿಸುತ್ತದೆ, ತೋರಿಸುವಾಗ ಯಾರನ್ನು ಮರೆಯುತ್ತದೆ ಎಂದು ಯೋಚಿಸುವುದಕ್ಕೆ ಈ ಪ್ರಶ್ನೆ ಒಳ್ಳೆಯ ಹಾದಿ.

ಕಥೆ ನಮಗೆಲ್ಲ ಗೊತ್ತಿದ್ದದ್ದೇ. ತಾರಕಾಸುರನನ್ನು ಕೊಲ್ಲಲು ಶಿವನ ಮಗ ಬೇಕು. ಶಿವ ತಪಸ್ಸಿಗೆ ಕೂತಿದ್ದಾನೆ. ದೇವತೆಗಳು ಕಾಮನನ್ನು ಮುಂದೆ ಮಾಡಿ ತಾವು ಹಿಂದೆ ನಿಂತರು. ಮಾವಿನ ಹೂವೂ ಸೇರಿದ ಐದು ಹೂಬಾಣಗಳವನು ಬಿಲ್ಲು ಎತ್ತಿದ, ಮೂರನೆಯ ಕಣ್ಣು ತೆರೆಯಿತು, ಬೂದಿಯಾದ. ಕಾಳಿದಾಸನ ‘ಕುಮಾರಸಂಭವ’ದಲ್ಲಿ ಮೂರನೆಯ ಸರ್ಗ ಇಲ್ಲಿಗೆ ಮುಗಿದು, ನಾಲ್ಕನೆಯದು ಇಡಿಯಾಗಿ ರತಿಯ ಅಳುವಿಗೆ ಮೀಸಲಾಗುತ್ತದೆ. ಗಂಡನ ಗೆಳೆಯ ವಸಂತನ ಹತ್ತಿರ ಅವಳು ತನಗೂ ಚಿತೆ ಒಡ್ಡಲು ಕೇಳುತ್ತಾಳೆ. ಆಗ ಆಕಾಶದಿಂದ ಒಂದು ದನಿ ಬಂದು ತಡೆಯುತ್ತದೆ: ಶಿವ ಪಾರ್ವತಿಯನ್ನು ಮದುವೆಯಾದ ದಿನ ನಿನ್ನ ಗಂಡನಿಗೆ ಮೈ ಮರಳುತ್ತದೆ, ನೀನು ಬದುಕಿರು ಎಂಬ ಅರ್ಥದ ಮಾತು. ಏಳನೆಯ ಸರ್ಗದ ಮದುವೆಯ ಸಂಭ್ರಮದಲ್ಲಿ ದೇವತೆಗಳು ಶಿವನನ್ನು ಕೇಳಿಕೊಳ್ಳುತ್ತಾರೆ, ಶಿವ ಒಪ್ಪುತ್ತಾನೆ. ಸುಡಲು ಒಂದು ಕ್ಷಣ ಸಾಕಾಯಿತು. ಮರಳಿ ಕೊಡಲು ಇನ್ನೊಬ್ಬಳ ಮದುವೆಯಾಗುವ ತನಕ ಕಾಯಬೇಕಾಯಿತು.

ಭಾಗವತದಲ್ಲಿ ಈ ಕಥೆಗೆ ಬೇರೆ ತಿರುವು ಇದೆ. ನಮ್ಮ ಹೆಂಗಸರಿಗೆ ಅದು ಹೆಚ್ಚು ಹತ್ತಿರದ್ದು. ಕಾಮ ಕೃಷ್ಣ ರುಕ್ಮಿಣಿಯರ ಮಗ ಪ್ರದ್ಯುಮ್ನನಾಗಿ ಹುಟ್ಟುತ್ತಾನೆ. ಶಂಬರಾಸುರ ಕೂಸನ್ನು ಕದ್ದು ಸಮುದ್ರಕ್ಕೆ ಎಸೆಯುತ್ತಾನೆ. ಮೀನೊಂದು ನುಂಗುತ್ತದೆ. ಆ ಮೀನು ಬಲೆಗೆ ಬಿದ್ದು ಅದೇ ಶಂಬರನ ಅಡಿಗೆಮನೆಗೆ ಬರುತ್ತದೆ. ಕೊಯ್ದರೆ ಒಳಗೆ ಜೀವಂತ ಮಗು. ಅಡಿಗೆಮನೆಯ ಉಸ್ತುವಾರಿಯಲ್ಲಿದ್ದ ಮಾಯಾವತಿ ಎತ್ತಿಕೊಂಡು ಸಾಕುತ್ತಾಳೆ. ಅವಳೇ ರತಿ. ಗಂಡ ಹಿಂತಿರುಗುವುದನ್ನು ಕಾಯುತ್ತ ಅಸುರನ ಮನೆಯ ಒಲೆಯ ಮುಂದೆ ವರ್ಷಗಟ್ಟಲೆ ಕಳೆದವಳು. ಸತ್ತವನು ಮರಳಿ ಬಂದದ್ದು ಯಾವ ಯಜ್ಞಶಾಲೆಗೂ ಅಲ್ಲ, ಮೀನು ಕೊಯ್ಯುವ ಕತ್ತಿಯ ಪಕ್ಕಕ್ಕೆ ಎಂಬುದು ನನಗೆ ಯಾವಾಗಲೂ ದೊಡ್ಡ ಕಲ್ಪನೆಯಾಗಿ ಕಂಡಿದೆ.

ಮೀನಿನ ಹೊಟ್ಟೆ ಎಂದಾಗ ನಮ್ಮ ಕ್ರೈಸ್ತ ಗೆಳತಿಯರಿಗೆ ತಟ್ಟನೆ ಯೋನನ ನೆನಪಾದೀತು. ಮೂರು ಹಗಲು ಮೂರು ರಾತ್ರಿ ದೊಡ್ಡ ಮೀನಿನ ಹೊಟ್ಟೆಯಲ್ಲಿದ್ದು ಹೊರಬಂದ ಪ್ರವಾದಿ. ಯೇಸು ಮಣ್ಣೊಳಗೆ ಮೂರು ದಿನ ಇರುವುದಕ್ಕೆ ಸುವಾರ್ತೆಯೇ ಅವನನ್ನು ಗುರುತಾಗಿ ಹಿಡಿಯುತ್ತದೆ. ಪುನರುತ್ಥಾನ ಎಂಬ ಮಾತು ಕೇಳಿದೊಡನೆ ಸಮಾಧಿಯಿಂದ ಎದ್ದು ನಿಂತ, ಬೆಳಕು ಸೂಸುವ ಯೇಸುವಿನ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ, ಕ್ಯಾಲೆಂಡರುಗಳ ಕೃಪೆ! ಆದರೆ ಮೊದಲ ಕ್ರೈಸ್ತ ಚಿತ್ರಕಾರರು ಹಾಗೆ ಬರೆಯಲಿಲ್ಲ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ, ಮೂರನೆಯ ಶತಮಾನದ ಹೊತ್ತಿಗೆ, ಅವರು ಮತ್ತೆ ಮತ್ತೆ ಬರೆದದ್ದು ಯೋನನನ್ನು. ಅನಂತರದ ಕಾಲದಲ್ಲಿ ಬಂದದ್ದು ಇನ್ನೊಂದು ಚಿತ್ರ: ಬರಿದಾದ ಸಮಾಧಿ, ಅದರ ಮುಂದೆ ಸುಗಂಧದ್ರವ್ಯ ಹಿಡಿದು ನಿಂತ ಹೆಂಗಸರು. ಎದ್ದವನು ಚಿತ್ರದಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಕಾರಣ ಸರಳ. ಏಳುವ ಗಳಿಗೆಯನ್ನು ಯಾರೂ ಕಂಡದ್ದಾಗಿ ಸುವಾರ್ತೆಗಳು ಹೇಳುವುದಿಲ್ಲ. ಬೆಳಗಿನ ಜಾವ ಹೋಗಿ ನೋಡಿದವರು ಹೆಂಗಸರು ಎಂದು ಮಾತ್ರ ಹೇಳುತ್ತವೆ. ಕಲೆಯೂ ಅಷ್ಟನ್ನೇ ತೋರಿಸಿತು.

ಸಾವಿರ ವರ್ಷಗಳ ಮೇಲೆ ಚಿತ್ರ ಬದಲಾಯಿತು. ಇಟಲಿಯ ಪಿಯೆರೊ ಡೆಲ್ಲಾ ಫ್ರಾಂಚೆಸ್ಕಾ 1460ರ ದಶಕದಲ್ಲಿ ತನ್ನ ಊರಾದ ಸಾನ್‌ಸೆಪೋಲ್ಕ್ರೊದ ಗೋಡೆಯ ಮೇಲೆ ಬರೆದ ‘ಪುನರುತ್ಥಾನ’ ಜಗತ್ತಿನ ಹೆಸರಾಂತ ಚಿತ್ರಗಳಲ್ಲಿ ಒಂದು. ಪುಸ್ತಕದ ಮುದ್ರಣದಲ್ಲಿ ನೋಡಿದರೂ ಎದೆ ಝಲ್ಲೆನ್ನುತ್ತದೆ. ಯೇಸು ಒಂದು ಕಾಲನ್ನು ಸಮಾಧಿಯ ಅಂಚಿನ ಮೇಲಿಟ್ಟು, ಧ್ವಜ ಹಿಡಿದು, ನೇರ ನಮ್ಮನ್ನೇ ನೋಡುತ್ತಿದ್ದಾನೆ. ಅವನ ಒಂದು ಪಕ್ಕದ ಮರಗಳು ಬೋಳು, ಇನ್ನೊಂದು ಪಕ್ಕದವು ಚಿಗುರಿವೆ. ಕೆಳಗೆ ನಾಲ್ವರು ಕಾವಲುಗಾರರು ನಿದ್ದೆಹೋಗಿದ್ದಾರೆ. ಚಿತ್ರದ ಗಾಂಭೀರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ನೋಡಿ, ಹೆಂಗಸರು ಎಲ್ಲಿ? ಎಚ್ಚರವಿದ್ದು ಬಂದವರನ್ನು ಬಿಟ್ಟು ಮಲಗಿದವರನ್ನು ಬರೆದಾಯಿತು. ಮರಳಿ ಬಂದವನ ಕಥೆ ಗೆದ್ದು ಬಂದವನ ಕಥೆಯಾಯಿತು. ಗೆದ್ದವನಿಗೆ ಧ್ವಜ ಬೇಕು, ಸೋತ ಸೈನಿಕರು ಬೇಕು. ಕಾದವರು ಬೇಕಾಗುವುದಿಲ್ಲ.

ಎಲ್ಲರೂ ಹೀಗೇ ಬರೆದರೆಂದಲ್ಲ. ಇಸ್ತಾಂಬುಲಿನ ಕೋರಾ ಎಂಬ ಹಳೆಯ ಇಗರ್ಜಿಯಲ್ಲಿ ಹದಿನಾಲ್ಕನೆಯ ಶತಮಾನದ ಆದಿಯ ಗೋಡೆಚಿತ್ರವಿದೆ. ಅಲ್ಲಿ ಯೇಸು ಒಂದು ಕೈಯಿಂದ ಆದಾಮನನ್ನು, ಇನ್ನೊಂದರಿಂದ ಹವ್ವಳನ್ನು ಮಣಿಕಟ್ಟು ಹಿಡಿದು ಗೋರಿಗಳಿಂದ ಎಳೆಯುತ್ತಿದ್ದಾನೆ. ಫ್ಲಾರೆನ್ಸಿನ ಸಾನ್ ಮಾರ್ಕೊ ಮಠದ ಕೋಣೆಯೊಂದರಲ್ಲಿ ಫ್ರಾ ಆಂಜೆಲಿಕೊ ಬರೆದ ಚಿತ್ರ ಇನ್ನೂ ಮೃದುವಾದದ್ದು. ಮಗ್ದಲದ ಮರಿಯಳು ಎದ್ದುಬಂದ ಯೇಸುವನ್ನು ಮೊದಲು ತೋಟದವನೆಂದುಕೊಂಡಳಂತೆ. ಅದಕ್ಕಾಗಿ ಚಿತ್ರಕಾರ ಅವನ ಹೆಗಲ ಮೇಲೆ ಒಂದು ಗುದ್ದಲಿ ಇಟ್ಟಿದ್ದಾನೆ. ಸುತ್ತ ಹುಲ್ಲು, ಸಣ್ಣ ಸಣ್ಣ ಹೂವು. ಅಡಿಕೆ ತೋಟದ ಸೀಮೆಯವಳಾದ ನನಗೆ ಈ ಗುದ್ದಲಿ ಧ್ವಜಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಅವಳು ಮೊಣಕಾಲೂರಿ ಕೈ ಚಾಚಿದ್ದಾಳೆ. ಅವನು ಮುಟ್ಟಬೇಡವೆನ್ನುತ್ತಾನೆ. ಇಬ್ಬರ ಕೈಗಳ ನಡುವೆ ಸ್ವಲ್ಪ ಜಾಗ ಉಳಿದಿದೆ. ಮರಳಿ ಬಂದವರು ಹೋದ ಹಾಗೆಯೇ ಮರಳುವುದಿಲ್ಲ ಎಂಬುದನ್ನು ಆ ಜಾಗ ಹೇಳುತ್ತದೆ.

ಈಗ ನಮ್ಮ ರತಿಯ ಕಡೆಗೆ ಬರೋಣ. ದಕ್ಷಿಣದ ಕಡೆ ಹೆಚ್ಚಾಗಿ ಹೇಳುವ ಕಥೆಯಲ್ಲಿ ಶಿವ ಕಾಮನನ್ನು ಬದುಕಿಸುತ್ತಾನೆ, ಆದರೆ ಒಂದು ಕಟ್ಟಳೆಯೊಡನೆ. ಅವನು ರತಿಯ ಕಣ್ಣಿಗೆ ಮಾತ್ರ ಕಾಣುತ್ತಾನೆ, ಉಳಿದವರ ಪಾಲಿಗೆ ಅನಂಗನೇ. ಮರಿಯಳಿಗೆ ಕಾಣುತ್ತಾನೆ, ಮುಟ್ಟುವ ಹಾಗಿಲ್ಲ. ರತಿಗೆ ಕಾಣುತ್ತಾನೆ, ಯಾರಿಗೂ ತೋರಿಸುವ ಹಾಗಿಲ್ಲ. ಹೆಣ್ಣಿಗೆ ಸಿಕ್ಕ ವರ ಎರಡು ಕಡೆಯೂ ಅರ್ಧವೇ. ಹರಿದಾಸರು ಈ ಪ್ರಸಂಗವನ್ನು ಬಹಳ ರಸವತ್ತಾಗಿ ಹೇಳುತ್ತಾರೆ. ಗಂಡ ತನ್ನೊಬ್ಬಳಿಗೇ ಕಾಣುವುದು ಎಂಥ ಭಾಗ್ಯ ಎಂದು ಸಭೆಯನ್ನು ನಗಿಸುವುದೂ ಉಂಟು.

ನಮ್ಮ ದೊಡ್ಡಮ್ಮ ಒಬ್ಬರಿದ್ದರು. ಇಪ್ಪತ್ತೆರಡಕ್ಕೆ ಗಂಡನನ್ನು ಕಳಕೊಂಡು, ಉಳಿದ ಐವತ್ತು ವರ್ಷ ಕೆಂಪು ಸೀರೆಯಲ್ಲಿ, ಮಡಿಯಲ್ಲಿ, ಮನೆಯ ಹಿಂಬದಿಯಲ್ಲಿ ಕಳೆದವರು. ಮದುವೆಮನೆಯ ಅಡಿಗೆಗೆ ಬೇಕು, ಆರತಿಗೆ ಬೇಡ. ಒಂದು ಕಥಾಕೀರ್ತನ ಮುಗಿಸಿ ಬರುವಾಗ ಅವರು ನನ್ನನ್ನು ಕೇಳಿದರು: “ರತಿ ಕಣ್ಣಿಗೆ ಮಾತ್ರ ಕಾಣ್ತ ಅಂದ್ರೆ, ಊರವರ ಲೆಕ್ಕದಲ್ಲಿ ಅದು ಗಂಡ ಸತ್ತದ್ದೇ ಅಲ್ದನೇ?”

ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಪ್ರಶ್ನೆ ಇಲ್ಲ. ಎಷ್ಟು ಸರಿಯಾದ ಪ್ರಶ್ನೆ! ಕಾಮ ಬಂದ, ನಿಜ. ಆದರೆ ಅವಳ ಹಣೆಯ ಕುಂಕುಮವನ್ನು ಒಪ್ಪಬೇಕಾದವರು ನೆರೆಹೊರೆಯವರು. ಅವರ ಕಣ್ಣಿಗೆ ಅವನಿಲ್ಲ. ಬಾಗಿನ ಕೊಡುವಾಗ, ಶೋಭಾನೆಗೆ ಕರೆಯುವಾಗ, ಅವಳು ‘ಅವರು ಇಲ್ಲೇ ಇದ್ದಾರೆ’ ಎಂದರೆ ಯಾರು ನಂಬಬೇಕು? ಮರಿಯಳು ಓಡಿ ಹೋಗಿ ಹೇಳಿದಾಗಲೂ ಶಿಷ್ಯರು ಮೊದಲಿಗೆ ನಂಬಲಿಲ್ಲವೆಂದು ಸುವಾರ್ತೆಯೇ ಹೇಳುತ್ತದೆ. ಹೆಂಗಸೊಬ್ಬಳು ಕಂಡದ್ದು ಊರಿನ ಸತ್ಯವಾಗುವುದು ಅಷ್ಟು ಸುಲಭವಲ್ಲ. ಪುನರುತ್ಥಾನದ ಕಥೆಗಳಲ್ಲಿ ದೇವರು ಮಾಡಬೇಕಾದದ್ದು ಅರ್ಧ, ಊರು ಮಾಡಬೇಕಾದದ್ದು ಇನ್ನರ್ಧ. ಕಲೆಯ ಕೆಲಸ ಶುರುವಾಗುವುದು ಈ ಎರಡನೆಯ ಅರ್ಧದಲ್ಲಿ ಎಂದು ನನ್ನ ಎಣಿಕೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಶಿಲ್ಪಗಳನ್ನು ನೋಡಿದರೆ ಅವು ಬೇರೆಯೇ ಆಗಿ ಕಾಣುತ್ತವೆ. ಬಾದಾಮಿಯ ಮೂರನೆಯ ಗುಹೆ 578ರದ್ದು, ಚಾಲುಕ್ಯ ಮಂಗಲೇಶನ ಶಾಸನವಿರುವುದು. ಅಲ್ಲಿಯ ಕಂಬಗಳ ತಲೆಯ ಬಳಿ ಚಾಚಿಕೊಂಡಿರುವ ಜೋಡಿಶಿಲ್ಪಗಳಲ್ಲಿ ರತಿ ಮನ್ಮಥರನ್ನು ಗುರುತಿಸುತ್ತಾರೆ. ಹೊಯ್ಸಳರ ಗುಡಿಗಳ ಹೊರಗೋಡೆಯಲ್ಲೂ ಕಬ್ಬಿನ ಬಿಲ್ಲು ಹಿಡಿದ ಮನ್ಮಥ, ಪಕ್ಕದಲ್ಲಿ ರತಿ. ಅವನ ಮೈ ಎಲ್ಲಿಯೂ ಮಸುಕಾಗಿಲ್ಲ, ಅರ್ಧ ಕಾಣುವಂತಿಲ್ಲ. ತೋಳು, ಹಾರ, ನಗು ಎಲ್ಲ ದುಂಡಗೆ ತುಂಬಿವೆ. ಇದು ಸುಡುವ ಮೊದಲಿನ ಕಾಮನೋ ಆಮೇಲಿನವನೋ ಎಂದು ಕಲ್ಲು ಹೇಳುವುದಿಲ್ಲ. ಹೇಳದಿರುವುದೇ ಅದರ ಜಾಣತನ. ಪುರಾಣ ಹೆಂಡತಿಯೊಬ್ಬಳಿಗೆ ಕೊಟ್ಟ ನೋಟವನ್ನು ಶಿಲ್ಪಿ ಹಾದಿಯಲ್ಲಿ ಹೋಗುವ ನಮಗೂ ಕೊಟ್ಟ. ಗುಡಿಗೆ ಬಂದ ಹೆಂಗಸರು ಗಂಡಸರೆಲ್ಲ ಅವರಿಬ್ಬರನ್ನು ಒಟ್ಟಿಗೆ ಕಂಡರು. ರತಿಯ ಮಾತಿಗೆ ಇಷ್ಟು ಸಾಕ್ಷಿ ಸಾಕಲ್ಲವೇ?

ಕಾಮಜಿನಾಲಯವೆಂಬ ಹೆಸರಿನಲ್ಲಿ ಇನ್ನೊಂದು ದಾರಿಯೂ ಇದೆ. ಜೈನರಲ್ಲಿ ಕಾಮದೇವರು ಇಪ್ಪತ್ನಾಲ್ವರು, ಮೊದಲನೆಯವನು ಬಾಹುಬಲಿ. ಹಾಗಾಗಿ ಗುಡ್ನಾಪುರದ ಕಾಮ ಬಾಹುಬಲಿಯೇ ಇರಬಹುದೆನ್ನುವ ವಿದ್ವಾಂಸರೂ ಇದ್ದಾರೆ. ಈ ಕಾಮನನ್ನು ಯಾರೂ ಸುಡಲಿಲ್ಲ. ಅವನು ತಾನಾಗಿ ಎಲ್ಲವನ್ನೂ ಬಿಟ್ಟು, ಮೈಮೇಲೆ ಬಳ್ಳಿ ಹಬ್ಬುವ ತನಕ ನಿಂತು, ಕೊನೆಗೆ ಮೈಯನ್ನೇ ಬಿಟ್ಟು ಸಿದ್ಧನಾದ. ಸಿದ್ಧರಿಗೆ ಮರಳಿ ಬರುವುದೆಂಬುದಿಲ್ಲ. ಮೈಯಿಲ್ಲದ ಸಿದ್ಧರನ್ನು ತೋರಿಸಲು ಜೈನ ಲೋಹಶಿಲ್ಪಿಗಳು ಕಂಡುಕೊಂಡ ಉಪಾಯ ಆಶ್ಚರ್ಯದ್ದು. ಲೋಹದ ತಗಡಿನಲ್ಲಿ ನಿಂತ ಮನುಷ್ಯನ ಆಕಾರವನ್ನು ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಅಂಚು, ನಡುವೆ ಮನುಷ್ಯಾಕಾರದ ಬಯಲು. ಅದರ ಮೂಲಕ ಹಿಂದಿನ ಗೋಡೆ ಕಾಣುತ್ತದೆ, ದೀಪ ಇಟ್ಟರೆ ಬೆಳಕು ಕಾಣುತ್ತದೆ. ಅನಂಗನನ್ನು ತೋರಿಸಲು ಇದಕ್ಕಿಂತ ಪ್ರಾಮಾಣಿಕವಾದ ಮೂರ್ತಿ ಇರಲಾರದು. ಆದರೂ, ಮನಸ್ಸು ಬಿಚ್ಚಿ ಹೇಳುವುದಾದರೆ, ರತಿಯ ಪಕ್ಕದಲ್ಲಿ ಆ ಬಯಲನ್ನು ನಿಲ್ಲಿಸಲು ನನಗೆ ಇಷ್ಟವಿಲ್ಲ. ಬಿಟ್ಟು ಹೋದವನಿಗೆ ಬಯಲು ಸಲ್ಲುತ್ತದೆ. ಕಸಿದುಕೊಳ್ಳಲ್ಪಟ್ಟವನಿಗೆ ಮೈ ಬೇಕು.

ಕಲ್ಲಿನಲ್ಲಿ ಇಷ್ಟು ಉದಾರವಾದ ನಮ್ಮ ಸಂಸ್ಕೃತಿ ಬೀದಿಗೆ ಬಂದಾಗ ಹೇಗಿರುತ್ತದೆ? ಫಾಲ್ಗುಣದ ಹುಣ್ಣಿಮೆಗೆ ಊರೂರಿನಲ್ಲಿ ಕಾಮನನ್ನು ಸುಡುತ್ತಾರೆ. ಕಟ್ಟಿಗೆ ಕದಿಯುವುದು, ಬಾಯಿ ಬಡಿದುಕೊಳ್ಳುವುದು ಎಲ್ಲ ಗಂಡುಮಕ್ಕಳದ್ದೇ. ರತಿಯ ಅಳುವನ್ನೂ ಅವರೇ ಅಣಕಿಸುತ್ತಾರೆ. ಶಿರಸಿಯ ಹೋಳಿಯಲ್ಲಿ ಬೇಡರ ವೇಷದ ಗತ್ತು ಬೇರೆ. ಬೆನ್ನಿಗೆ ನವಿಲುಗರಿ ಕಟ್ಟಿ, ಕತ್ತಿ ಗುರಾಣಿ ಹಿಡಿದು ಕುಣಿಯುವ ವೇಷಧಾರಿಯನ್ನು ಹಿಂದಿನಿಂದ ಹಗ್ಗ ಹಿಡಿದು ತಡೆಯಬೇಕು, ತಮಟೆಯ ಸದ್ದಿಗೆ ಬೀದಿಯೇ ನಡುಗಬೇಕು. ಅದರ ಹಿಂದಿನ ಐತಿಹ್ಯದಲ್ಲಿ ಊರಿಗೆ ಕಂಟಕನಾದ ಮಲ್ಲೇಶಿಯನ್ನು ಹಿಡಿದುಕೊಡಲು ರುದ್ರಾಂಬಿಕೆಯೆಂಬ ಹುಡುಗಿ ತನ್ನ ಬಾಳನ್ನೇ ಒಡ್ಡುತ್ತಾಳೆ. ಊರು ಉಳಿಯುತ್ತದೆ, ಅವನು ಸಾಯುತ್ತಾನೆ, ಅವಳೂ ಬೆಂಕಿಗೆ ಹೋಗುತ್ತಾಳೆ. ಆಕಾಶದಿಂದ ತಡೆಯುವ ದನಿ ಅವಳಿಗಾಗಿ ಬರಲಿಲ್ಲ. ಎರಡು ವರ್ಷಕ್ಕೊಮ್ಮೆ ಅವನು ಗರಿ ಕೆದರಿ ಎದ್ದು ಬರುತ್ತಾನೆ. ಜನ ಮುಗಿಬಿದ್ದು ನೋಡುವುದು ಅವನನ್ನೇ. ಕುಣಿತದ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ, ಮಕ್ಕಳನ್ನು ಕರಕೊಂಡು ಹೋಗಿ ನಿಂತು ನೋಡಿದವಳೇ. ಆದರೆ ಊರನ್ನು ಉಳಿಸಿದವಳಿಗೆ ಗರಿಯೊಂದೂ ಇಲ್ಲದ್ದು ಕಣ್ಣಿಗೆ ಹೊಡೆಯುತ್ತದೆ.

ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಇದಕ್ಕೆ ಸ್ವಲ್ಪ ಪರಿಹಾರ ಇದೆ. ಗದಗ, ಧಾರವಾಡದ ಕಡೆ ರತಿ ಕಾಮಣ್ಣರ ಕಟ್ಟಿಗೆಯ ಮೂರ್ತಿಗಳನ್ನು ಸಿಂಗರಿಸಿ ಕೂಡಿಸುತ್ತಾರೆ. ಹೆಂಗಸರು ಸಾಲಾಗಿ ಬಂದು ರತಿಗೆ ಉಡಿ ತುಂಬುತ್ತಾರೆ, ಮದುವೆಗೆ, ಮಕ್ಕಳಿಗೆ ಹರಕೆ ಹೊರುತ್ತಾರೆ. ಉಡಿ ತುಂಬುವುದೆಂದರೆ ಮುತ್ತೈದೆತನವನ್ನು ಊರೆದುರು ಒಪ್ಪುವುದು. ದೊಡ್ಡಮ್ಮನ ಪ್ರಶ್ನೆಗೆ ಆ ಓಣಿಗಳ ಹೆಂಗಸರು ತಮಗೆ ಗೊತ್ತಿಲ್ಲದೆಯೇ ಉತ್ತರ ಕೊಟ್ಟಿದ್ದಾರೆ.

ಇನ್ನು ನಮ್ಮ ಮಾರಿಕಾಂಬೆ. ಬೇಡರ ವೇಷವಿಲ್ಲದ ವರ್ಷ ಶಿರಸಿಯಲ್ಲಿ ಅವಳ ಜಾತ್ರೆ. ಆಳೆತ್ತರಕ್ಕೂ ಮಿಗಿಲಾದ ಕೆಂಪು ಬಣ್ಣದ ಕಟ್ಟಿಗೆಯ ಮೂರ್ತಿ. ಹೊಸ ಬಣ್ಣ ತೊಟ್ಟು, ಮದುವಣಗಿತ್ತಿಯಾಗಿ, ರಥವೇರಿ ಬಿಡಕಿ ಬಯಲಿಗೆ ಬರುತ್ತಾಳೆ. ಜಾತ್ರೆ ಮುಗಿದ ದಿನ ಚಪ್ಪರಕ್ಕೆ ಬೆಂಕಿ ಬೀಳುತ್ತದೆ. ಮೋಸದ ಮದುವೆಗೆ ಒಳಗಾಗಿ, ಗಂಡನನ್ನು ಕೊಂದು, ವೈಧವ್ಯಕ್ಕೆ ಸಂದ ಹೆಣ್ಣಿನ ಕಥೆ ಇದರ ಹಿಂದೆ ಇದೆ. ಕೋಣನ ಬಲಿ ನಿಂತು ದಶಕಗಳೇ ಆದವು, ಬೆಂಕಿ ಮಾತ್ರ ಉಳಿದಿದೆ. ಅಲ್ಲಿಂದ ಯುಗಾದಿಯವರೆಗೆ ಗುಡಿಯ ಪೀಠ ಬರಿದು. ಯುಗಾದಿಯ ದಿನ ಪುನಃಪ್ರತಿಷ್ಠೆಯಾಗಿ ಅವಳು ಮತ್ತೆ ಎಲ್ಲರಿಗೂ ಕಾಣುತ್ತಾಳೆ, ಅದೇ ಕುಂಕುಮ, ಅದೇ ಕಣ್ಣು. ಅವಳನ್ನು ಎಬ್ಬಿಸಲು ಯಾವ ಗಂಡನೂ ಬರಲಿಲ್ಲ, ಯಾವ ಗಂಡನನ್ನೂ ಅವಳಿಗೆ ಮರಳಿ ಕೊಡಲಿಲ್ಲ. ಒಂಟಿಯಾಗಿಯೇ ಪೀಠಕ್ಕೆ ಬಂದ ಹೆಣ್ಣನ್ನು ಇಡೀ ಊರು ಅಮ್ಮನೆಂದು ಕರೆಯಿತು. ಚೈತ್ರದ ಚಿಗುರಿನ ಹೊತ್ತಿಗೆ ನಡೆಯುವ ಇದಕ್ಕಿಂತ ದೊಡ್ಡ ಪುನರುತ್ಥಾನದ ಸಂಕೇತವನ್ನು ನಾವು ಬೇರೆಡೆ ಹುಡುಕಬೇಕಾಗಿಲ್ಲ. ಇದನ್ನು ಕಣ್ಣಾರೆ ಕಂಡೂ ಅದೇ ಊರಿನ ಮನೆಗಳು ತಮ್ಮ ಒಳಗಿನ ಹೆಂಗಸರನ್ನು ಮಾತ್ರ ಐವತ್ತು ವರ್ಷ ಹಿಂಬದಿಯಲ್ಲೇ ಇಟ್ಟವು. ದೇವಿಗೆ ಒಪ್ಪಿದ್ದನ್ನು ದೊಡ್ಡಮ್ಮನಿಗೆ ಒಪ್ಪಲಿಲ್ಲ.

ಈಗ ಕಾಲ ಬದಲಾಗಿದೆ. ಕೆಂಪು ಸೀರೆ, ಬೋಳು ತಲೆ ನಮ್ಮ ಮಕ್ಕಳಿಗೆ ಕಥೆಯಾಗಿ ಹೋದವು. ಆದರೂ ಅರಿಶಿನ ಕುಂಕುಮದ ತಟ್ಟೆ ಹಿಡಿದವರ ಕೈ ಕೆಲವರ ಮುಂದೆ ಇವತ್ತಿಗೂ ಒಂದು ಕ್ಷಣ ತಡೆಯುತ್ತದೆ. ಆ ಒಂದು ಕ್ಷಣ ನಮಗೆಲ್ಲ ಗೊತ್ತು, ಕೊಡುವವರಿಗೂ, ಎದುರು ನಿಂತವರಿಗೂ.

ರವಿವರ್ಮನ ಕಾಲದ ವಸಂತೋತ್ಸವದಲ್ಲಿ ಯಾರು ಕುಣಿದರು, ಯಾರು ಬದಿಗೆ ನಿಂತರು ಎಂದು ಕಂಬ ಹೇಳುವುದಿಲ್ಲ. ಸುಟ್ಟವನ ನೆನಪಿಗೆ ವರ್ಷಕ್ಕೊಮ್ಮೆ ಬೆಂಕಿ ಹಾಕುವ ನಮಗೆ, ಬದುಕಿ ಬಂದವನಿಗೊಂದು ಮನೆ ಕಟ್ಟಿ ಹಬ್ಬ ಮಾಡಿದವರೂ ಇದೇ ಸೀಮೆಯಲ್ಲಿದ್ದರು ಎಂದಷ್ಟನ್ನು ಅದು ಹೇಳುತ್ತದೆ. ಬನವಾಸಿಗೆ ಹೋದಾಗ ಇನ್ನೊಂದು ತಾಸು ಬಿಡುವು ಮಾಡಿಕೊಂಡು ಗುಡ್ನಾಪುರಕ್ಕೂ ಹೋಗಿಬನ್ನಿ. ಮೂರ್ತಿ ಸಿಗದಿದ್ದರೆ ಬೇಸರ ಬೇಡ. ಮನೆಗೆ ಬಂದ ಮೇಲೆ ತಟ್ಟೆಯನ್ನು ತಡೆಯದೆ ಮುಂದೆ ಚಾಚಿದರೆ ಕಾಮಜಿನಾಲಯದ ಹಬ್ಬ ಅಲ್ಲೇ ಆದೀತು.